ಕೇರಾಫ್ 56 ಎಪಿಒ: ಯುದ್ಧದ ಇತಿಹಾಸವನ್ನು ಇನ್ನು ಯಾರು ಬರೆಯುತ್ತಾರೆ?

(ಹಾಸನದಲ್ಲಿ ಇತಿಹಾಸದ ಆಸಕ್ತರು ಸೇರುವ ಭಾನುವಾರದ ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದುಕೊಂಡು, ಸ್ವಲ್ಪ ತಿದ್ದಿದ್ದೇನೆ.)

ಮೊದಲು ಒಂದು ಟ್ರಂಕಿನ ಕತೆ ಹೇಳಿಬಿಡುತ್ತೇನೆ, ಆಮೇಲೆ ವಿಷಯಕ್ಕೆ ಬರೋಣ.

ಎರಡು ವರ್ಷದ ಹಿಂದೆ ಸೋಮವಾರಪೇಟೆ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. "ಸಾರ್, ನಮ್ಮ ತಂದೆ ಮಿಲಿಟರಿಯಲ್ಲಿದ್ದವರು. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿದ್ದವರು. ಅವರ ಕಾಗದಗಳು ಒಂದು ಟ್ರಂಕು ತುಂಬ ಇವೆ, ನೋಡ್ತೀರಾ?" ಅಂದರು. ನೋಡುತ್ತೇನೆ ಅಂದೆ. ಮಳೆ ಹಿಡಿಯಿತು, ಪ್ರೆಸ್ಸಿನಲ್ಲಿ ಕೆಲಸ ಇತ್ತು, ಅದೂ ಇದೂ ಅಂತ ನಾನು ಹೋಗಿದ್ದು ನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಆ ಮನೆಗೆ ಸುಣ್ಣಬಣ್ಣ ಆಗಿತ್ತು. ಟ್ರಂಕು ಜಗಲಿಯಲ್ಲೇ ಇತ್ತು. ಕರಿ ಬಣ್ಣ, ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ರ್‍ಯಾಂಕು, ಹೆಸರು. ಮುಚ್ಚಳ ತೆಗೆದರೆ ಒಳಗೆ ಕಾಳುಮೆಣಸು! ಕಾಗದ ಎಲ್ಲಿ ಅಂತ ಕೇಳಿದೆ. "ಬಣ್ಣ ಹೊಡೆಸೋವಾಗ ಗುಜರಿಯವನು ಬಂದಿದ್ದ ಸಾರ್, ಹಾಕಿಬಿಟ್ವಿ" ಅಂದರು. ಪಾಪ, ಅವರ ಮುಖ ನೋಡಲು ಆಗಲಿಲ್ಲ. ತಪ್ಪು ಅವರದ್ದಲ್ಲ. ನಾಲ್ಕು ತಿಂಗಳು ತಡ ಮಾಡಿದವನು ನಾನು. ಉಳಿದಿದ್ದು ಡಿಸ್ಚಾರ್ಜ್ ಬುಕ್ ಒಂದೇ. ಅದು ಪಿಂಚಣಿಗೆ ಬೇಕಾಗುತ್ತೆ ಅಂತ ಬೀರುವಿನಲ್ಲಿತ್ತು.

ನಾನು ಇತಿಹಾಸಕಾರ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕ ಮಾಡುವವನು. ಡಿಟಿಪಿ ಮಾಡಿಸುವುದು, ಕರಡು ತಿದ್ದುವುದು, ಫಾರಂ ಲೆಕ್ಕ ಹಾಕುವುದು, ಬಂಡಲು ಹೊತ್ತು ಬಸ್ಸಿಗೆ ಹಾಕುವುದು. ಅದರ ಜೊತೆಗೆ ಒಂದು ಹುಚ್ಚು, ಮಾಜಿ ಸೈನಿಕರ ನೆನಪುಗಳನ್ನು ಬರೆಸುವುದು. "ಯುದ್ಧದ ಇತಿಹಾಸ ಬರೆಯುವ, ಪ್ರಕಟಿಸುವ ಕೆಲಸ ಮುಂದೆ ಹೇಗಿರುತ್ತೆ" ಅಂತ ಮಾತಾಡಿ ಅಂದಾಗ ನನಗೆ ತಕ್ಷಣ ನೆನಪಾಗಿದ್ದು ಆ ಮೆಣಸಿನ ಟ್ರಂಕು. ಯುದ್ಧ ಮಾಡಿದವನ ಕೈಬರಹ ಯಾರ ಹತ್ತಿರ ಇದೆ, ಅದು ಮುಂದಿನ ಇಪ್ಪತ್ತು ವರ್ಷ ಉಳಿಯುತ್ತಾ? ಬಾಕಿ ಪ್ರಶ್ನೆಗಳೆಲ್ಲ ಇದಾದ ಮೇಲೆ.

ನಮ್ಮಲ್ಲಿ ಈ ಕೆಲಸ ಹೊಸದೇನಲ್ಲ. ಬೆಂಗಳೂರಿನ ಬೇಗೂರಿಗೆ ಯಾರಾದರೂ ಹೋಗಿದ್ದೀರಾ? ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲಿದೆ, ಸುಮಾರು ಕ್ರಿ.ಶ. 890ರದ್ದು. "ಬೆಂಗಳೂರು" ಅನ್ನುವ ಹೆಸರು ಸಿಗುವ ಹಳೆಯ ಬರಹ ಅಂತ ಅದನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಹೆಸರು ಯಾವ ಮಾತಿನ ನಡುವೆ ಬಂದಿದೆ ಅಂತ ಜಾಸ್ತಿ ಜನ ಗಮನಿಸುವುದಿಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಸತ್ತ ಅಂತ ಅದು ಹೇಳುತ್ತದೆ. ಬೆಂದಕಾಳೂ ಇಲ್ಲ, ಅಜ್ಜಿಯೂ ಇಲ್ಲ. ಊರಿನ ಹೆಸರು ನಮಗೆ ಮೊದಲು ಸಿಗುವುದೇ ಒಂದು ಯುದ್ಧದ ವರದಿಯಲ್ಲಿ.

ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಇನ್ನೊಂದು ಕಲ್ಲಿದೆ, ಆತಕೂರಿನದು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆಗುತ್ತದೆ. ರಾಷ್ಟ್ರಕೂಟರ ಕಡೆ ಇದ್ದ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನು ಕೊಲ್ಲುತ್ತಾನೆ. ಬೂತುಗನ ಜೊತೆ ಹೋರಾಡಿದವನು ಮಣಲೇರ. ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿ. ಆ ನಾಯಿ ಆಮೇಲೆ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಕಲ್ಲು ನಿಲ್ಲಿಸಿದ್ದು ನಾಯಿಗೆ! ಮೇಲೆ ನಾಯಿ ಮತ್ತು ಹಂದಿಯ ಚಿತ್ರ, ಸುತ್ತ ಯುದ್ಧದ ಸುದ್ದಿ. ಒಂದು ಸಾಮ್ರಾಜ್ಯದ ಯುದ್ಧದ ವಿವರ ಒಂದು ನಾಯಿಯ ಸ್ಮಾರಕದಲ್ಲಿ ಉಳಿದುಕೊಂಡಿದೆ. ದಾಖಲೆ ಎಲ್ಲಿ ಸಿಗುತ್ತದೆ ಅಂತ ಹೇಳುವುದು ಕಷ್ಟ ನೋಡಿ.

ವೀರಗಲ್ಲು ನೀವೆಲ್ಲ ನೋಡಿರುತ್ತೀರಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ನನಗೆ ಬರುವ ಹತ್ತು ಹಸ್ತಪ್ರತಿಗಳಲ್ಲಿ ಎಂಟರಲ್ಲಿ ಕೆಳಗಿನ ಅಂಕಣವೇ ಇರುವುದಿಲ್ಲ. ಮೊದಲ ಪುಟದಿಂದ ನೇರ ಸ್ವರ್ಗ. ತ್ಯಾಗ, ಬಲಿದಾನ, ಕೆಚ್ಚೆದೆ, ಪುಟ ಪುಟ ಅದೇ. ಆ ದಿನ ರೇಷನ್ ಬಂದಿತ್ತಾ, ಕಾಲಿಗೆ ಯಾವ ಬೂಟು ಇತ್ತು, ವೈರ್‌ಲೆಸ್ ಕೆಲಸ ಮಾಡಿತಾ, ಯಾರು ಹೆದರಿದರು, ಯಾಕೆ ಹಿಂದೆ ಬಂದರು, ಇದು ಯಾವುದೂ ಇಲ್ಲ. ನಾನು ಪೆನ್ಸಿಲ್‌ನಲ್ಲಿ ಪಕ್ಕದಲ್ಲಿ ಬರೆಯುತ್ತೇನೆ, "ಕೆಳಗಿನ ಅಂಕಣ ಎಲ್ಲಿ?" ಅಂತ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ಮಾತ್ರ ಒಂದು ವಾರ ಬಿಟ್ಟು ಫೋನ್ ಮಾಡಿ, ಯಾರಿಗೂ ಹೇಳದಿದ್ದನ್ನು ಹೇಳುತ್ತಾರೆ.

ಈಗ ನಮ್ಮ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯ. ಕೊಡಗಿನವರಿಗೆ ಇದು ಗೊತ್ತಿರುವ ಕತೆ, ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ. ಈಚೆಗೆ ಹಿಂದಿಯಲ್ಲಿ ಇದರ ಮೇಲೆ ಸಿನಿಮಾನೂ ಬಂತು. ಆದರೆ ನಾನು ಹೇಳಬೇಕಾಗಿರುವುದು ಸಾಹಸದ ಭಾಗ ಅಲ್ಲ, ಕಾಗದದ ಭಾಗ.

1965ರ ಸೆಪ್ಟೆಂಬರ್ 7. ನಮ್ಮ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡುತ್ತವೆ. ದೇವಯ್ಯನವರು ಬದಲಿ ಪೈಲಟ್. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕಾದವರು. ಹೋದರು. ವಾಪಸ್ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಕಂಡವರು ಯಾರೂ ಇಲ್ಲ. ಹಾಗಾಗಿ ದಾಖಲೆಯಲ್ಲಿ "ಕಾಣೆಯಾಗಿದ್ದಾರೆ" ಅಂತ ಬರೆದು ಅಲ್ಲಿಗೆ ನಿಲ್ಲಿಸಿದರು.

ಹದಿನಾಲ್ಕು ವರ್ಷ ಆದ ಮೇಲೆ, 1979ರಲ್ಲಿ, ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕರ ಪುಸ್ತಕ ಬಂತು. ಅದು ಆ ಯುದ್ಧವನ್ನು ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ನೋಡಿ ಬರೆದಿದ್ದು. ಅದರಲ್ಲಿ ಅವತ್ತು ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ವಿಮಾನ ಹೇಗೆ ಬಿತ್ತು ಅನ್ನುವ ವಿವರ ಇತ್ತು. ಸ್ಟಾರ್‌ಫೈಟರ್ ಅಂದರೆ ಆ ಕಾಲಕ್ಕೆ ಬಹಳ ದೊಡ್ಡ ಹೆಸರು, ಮಿಸ್ಟೇರ್‌ಗಿಂತ ಎಷ್ಟೋ ವೇಗದ್ದು. ಪಾಕಿಸ್ತಾನದ ಪೈಲಟ್ ಹೊಡೆದ ಏಟು ತಿಂದ ಮೇಲೂ ಒಂದು ಮಿಸ್ಟೇರ್ ತಿರುಗಿ ನಿಂತು ಅದನ್ನು ಹೊಡೆದು ಬೀಳಿಸಿತ್ತು. ಪಾಕಿಸ್ತಾನದ ಪೈಲಟ್ ಹಾರಿಕೊಂಡು ಬದುಕಿದ. ಆ ಮಿಸ್ಟೇರ್‌ನಲ್ಲಿದ್ದವರು ಯಾರು ಅಂತ ನಮ್ಮ ಕಡೆಯವರು ಲೆಕ್ಕ ಹಾಕಿದರು. ವಾಪಸ್ ಬಾರದವರು ಒಬ್ಬರೇ. ಅವತ್ತಿನ ದಾಳಿಯ ಮುಂದಾಳಾಗಿದ್ದ ಒ.ಪಿ. ತನೇಜಾ ಅವರು ಬಿಡದೆ ಸರ್ಕಾರಕ್ಕೆ ಬರೆದರು. 1988ರಲ್ಲಿ ದೇವಯ್ಯನವರಿಗೆ ಮಹಾವೀರ ಚಕ್ರ ಬಂತು. ಯುದ್ಧ ಮುಗಿದು 23 ವರ್ಷಕ್ಕೆ.

ಇಲ್ಲಿ ನನಗೆ ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ಕೊಡಗಿನ ಹುಡುಗನೊಬ್ಬ ಮಾಡಿದ್ದನ್ನು ನಮಗೆ ಹೇಳಿದ್ದು ಎದುರಾಳಿಯ ಕಡತ. ಅವರು ಒಬ್ಬ ಬರಹಗಾರನಿಗೆ ತಮ್ಮ ಕಾಗದ ತೋರಿಸಿದರು, ಮಾತಾಡಿದರು. ತಮ್ಮ ಹೆಮ್ಮೆಗೆ ಮಾಡಿಕೊಂಡ ಪುಸ್ತಕ ಅದು, ಇರಲಿ. ಆದರೂ ಅದರಲ್ಲಿ ತಮ್ಮದೇ ಒಂದು ವಿಮಾನ ಹೋದ ವಿವರ ಬಿಟ್ಟಿರಲಿಲ್ಲ. ಆ ಒಂದು ತುಣುಕು ಅಚ್ಚಾಗದಿದ್ದರೆ ಇವತ್ತಿಗೂ ಅವರು "ಕಾಣೆಯಾಗಿದ್ದಾರೆ" ಅಷ್ಟೇ. ಯುದ್ಧದ ಇತಿಹಾಸ ಬರೆದು ಏನು ಪ್ರಯೋಜನ ಅಂತ ಯಾರಾದರೂ ಕೇಳಿದರೆ ನಾನು ಈ ಕತೆ ಹೇಳಿ ಸುಮ್ಮನಾಗುತ್ತೇನೆ.

ನಮ್ಮ ಕಡತಗಳ ಕತೆ ಏನು ಹಾಗಾದರೆ? 1962ರಲ್ಲಿ ಚೀನಾ ಎದುರು ಯಾಕೆ ಸೋತೆವು ಅಂತ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅನ್ನುವ ಇಬ್ಬರು ಸೇನಾಧಿಕಾರಿಗಳು 1963ರಲ್ಲಿ ವರದಿ ಬರೆದುಕೊಟ್ಟರು. ಸರ್ಕಾರ ಅದನ್ನು ಗುಪ್ತ ಅಂತ ಇಟ್ಟಿತು. ಒಂದು ಭಾಗವನ್ನು ನೆವಿಲ್ ಮ್ಯಾಕ್ಸ್‌ವೆಲ್ ಅನ್ನುವ ಪತ್ರಕರ್ತ 2014ರಲ್ಲಿ ಇಂಟರ್ನೆಟ್ಟಿಗೆ ಹಾಕಿಬಿಟ್ಟ, ಹಾಗಾಗಿ ಅಷ್ಟು ನಾವು ಓದಿದೆವು. 62, 65, 71, ಈ ಮೂರೂ ಯುದ್ಧಗಳ ಇತಿಹಾಸವನ್ನು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವೇ ಬರೆಸಿತು. ಬರೆದು ಮುಗಿದ ಮೇಲೂ ವರ್ಷಗಟ್ಟಲೆ ಹೊರಗೆ ಬಿಡಲಿಲ್ಲ. 2000ದ ಸುಮಾರಿಗೆ ಒಂದು ಪತ್ರಿಕೆಯ ಮೂಲಕ ಅವು ಇಂಟರ್ನೆಟ್ಟಿನಲ್ಲಿ ಕಾಣಿಸಿಕೊಂಡವು. ಸ್ವಯಂಪ್ರೇರಿತ ಹುಡುಗರು ಅದನ್ನು ಇಳಿಸಿಕೊಂಡು, ವೆಬ್‌ಸೈಟುಗಳಲ್ಲಿ ಇಟ್ಟು ಕಾಪಾಡಿದರು. ಸರ್ಕಾರವೇ ದುಡ್ಡು ಕೊಟ್ಟು ಬರೆಸಿದ ಇತಿಹಾಸವನ್ನು ಕಾಪಾಡಿದ್ದು ಕೆಲಸ ಮುಗಿಸಿ ರಾತ್ರಿ ಕಂಪ್ಯೂಟರ್ ಮುಂದೆ ಕೂರುವ ಎಂಜಿನಿಯರುಗಳು. ತಮಾಷೆ ಅಲ್ವಾ?

ಕಾರ್ಗಿಲ್ ವಿಷಯದಲ್ಲಿ ಸ್ವಲ್ಪ ಬೇರೆ ಆಯಿತು. ಯುದ್ಧ 1999ರಲ್ಲಿ, ಪರಿಶೀಲನಾ ಸಮಿತಿಯ ವರದಿ 2000ದಲ್ಲೇ ಸಂಸತ್ತಿನ ಮುಂದೆ ಬಂತು. ಅಲ್ಲಲ್ಲಿ ಸಾಲು ತೆಗೆದಿದ್ದರು, ತೆಗೆಯಲಿ. ಗುಪ್ತಚರ ವಿಭಾಗಗಳು ಎಲ್ಲಿ ಎಡವಿದವು ಅಂತ ಪುಸ್ತಕದ ಅಂಗಡಿಯಲ್ಲಿ ಕೊಂಡು ಓದಬಹುದಿತ್ತು. ದೇಶಕ್ಕೇನೂ ಆಗಲಿಲ್ಲ.

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ನೀತಿ ತಂದಿದೆ. ಯುದ್ಧ ಅಥವಾ ಕಾರ್ಯಾಚರಣೆ ಮುಗಿದ ಎರಡು ವರ್ಷದೊಳಗೆ ಸಮಿತಿ ಮಾಡಬೇಕು, ಆಮೇಲೆ ಮೂರು ವರ್ಷದಲ್ಲಿ ಇತಿಹಾಸ ಬರೆದು ಮುಗಿಸಬೇಕು, ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆಗಳನ್ನು ಬಿಡುಗಡೆ ಮಾಡಬೇಕು ಅಂತ. ಕಾಗದದ ಮೇಲೆ ಚೆನ್ನಾಗಿದೆ. ಅದೇ ವರ್ಷ ಮೇ ಕೊನೆಯಲ್ಲಿ ಪಿಂಚಣಿ ನಿಯಮಕ್ಕೆ ಇನ್ನೊಂದು ತಿದ್ದುಪಡಿ ಬಂತು. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಬಗ್ಗೆ ಏನಾದರೂ ಪ್ರಕಟಿಸಬೇಕಾದರೆ ಮೊದಲು ಅನುಮತಿ ತೆಗೆದುಕೊಳ್ಳಬೇಕು. ಒಂದು ಕೈಯಲ್ಲಿ ಬಾಗಿಲು ತೆಗೆದು ಇನ್ನೊಂದು ಕೈಯಲ್ಲಿ ಚಿಲಕ ಹಾಕಿದ ಹಾಗೆ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ನರವಣೆ ಅವರ ಆತ್ಮಕಥೆ 2024ರ ಜನವರಿಯಲ್ಲಿ ಬರಬೇಕಿತ್ತು. ಅದರ ಭಾಗಗಳು ಪತ್ರಿಕೆಯಲ್ಲಿ ಬಂದ ಮೇಲೆ ಪರಿಶೀಲನೆ ಅಂತ ನಿಂತಿತು. ಅಷ್ಟು ದೊಡ್ಡವರ ಪುಸ್ತಕಕ್ಕೇ ಹೀಗಾದರೆ ನನ್ನ ಹತ್ತಿರ ಬರುವ ಸುಬೇದಾರರು, "ಬರೆದರೆ ನನ್ನ ಪಿಂಚಣಿಗೆ ಏನಾದ್ರೂ ತೊಂದರೆ ಆಗುತ್ತಾ ಸಾರ್?" ಅಂತ ಕೇಳುವುದರಲ್ಲಿ ಆಶ್ಚರ್ಯ ಏನು. ಅವರಿಗೆ ಆ ನಿಯಮ ಅನ್ವಯಿಸುವುದೇ ಇಲ್ಲ, ಅದು ಸೇನೆಯವರಿಗಲ್ಲ ಅಂತ ಹೇಳಿದರೂ ಹೆದರಿಕೆ ಹೋಗುವುದಿಲ್ಲ. ಹೆದರಿಕೆಗೆ ಗೆಜೆಟ್ ಬೇಕಾಗಿಲ್ಲ ನೋಡಿ.

ಹಾಗಾಗಿ ನಾನು ದೆಹಲಿಯ ಬಾಗಿಲು ತೆಗೆಯುವವರೆಗೆ ಕಾಯುವವನಲ್ಲ. ಮನೆಗಳಲ್ಲಿರುವ ಕಾಗದ ಸಾಕಷ್ಟಿದೆ.

ಇಲ್ಲಿ ಎಷ್ಟು ಜನರ ಮನೆಗೆ "ಕೇರಾಫ್ 56 ಎಪಿಒ" ಅಂತ ಬರೆದ ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು? ಕೈ ಎತ್ತಿ. ಹಾಂ, ಏಳೆಂಟು ಜನ ಇದ್ದೀರಿ. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ. ಕೆಲವರದ್ದು 99 ಎಪಿಒ ಇರುತ್ತದೆ. ಊರಿನ ಹೆಸರು ಬರೆಯುವ ಹಾಗಿಲ್ಲ. ಲಡಾಖೋ ನಾಗಾಲ್ಯಾಂಡೋ ಮನೆಯವರಿಗೆ ಗೊತ್ತಾಗುವುದಿಲ್ಲ. ಆದರೆ ನಮ್ಮ ಹುಡುಗರು ಜಾಣರು. ನಾನು ನೋಡಿದ ಒಂದು ಕಾಗದದಲ್ಲಿ, "ಇಲ್ಲಿ ಅನ್ನ ಬೇಯುವುದಿಲ್ಲ, ಅಮ್ಮಾ" ಅಂತ ಬರೆದಿದ್ದ. ಎತ್ತರದ ಜಾಗದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ, ಅಕ್ಕಿ ಸರಿಯಾಗಿ ಬೇಯುವುದಿಲ್ಲ. ಅವನು ಎಲ್ಲಿದ್ದಾನೆ ಅಂತ ಹೇಳಿಬಿಟ್ಟಿದ್ದ, ಅಲ್ವಾ?

ಇದಕ್ಕೆ ಹಳೆಯ ಉದಾಹರಣೆ ಒಂದಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ಸಿಪಾಯಿಗಳು ಮನೆಗೆ ಕಾಗದ ಬರೆಯುತ್ತಿದ್ದರು, ಬರೆಯಲು ಬಾರದವರು ಬರೆಸುತ್ತಿದ್ದರು. ಬ್ರಿಟಿಷರು ಅದನ್ನೆಲ್ಲ ಒಡೆದು ಓದುತ್ತಿದ್ದರು. ಸಿಪಾಯಿಗಳಿಗೆ ಅದು ಗೊತ್ತಿತ್ತು. ಅದಕ್ಕೆ ಗುಟ್ಟಿನ ಮಾತು ಕಟ್ಟಿಕೊಂಡಿದ್ದರು. ಕರಿಮೆಣಸು ಅಂದರೆ ಹಿಂದೂಸ್ತಾನದ ಸಿಪಾಯಿ, ಕೆಂಪು ಮೆಣಸು ಅಂದರೆ ಬಿಳಿಯ ಸಿಪಾಯಿ. ಕರಿಮೆಣಸು ಖಾಲಿಯಾಗುತ್ತಾ ಬಂತು ಅಂತ ಬರೆದರೆ ನಮ್ಮವರು ಸಾಯುತ್ತಿದ್ದಾರೆ ಅಂತ ಅರ್ಥ. ಆ ಕಾಗದಗಳು ಬಹುಪಾಲು ಉಳಿದಿಲ್ಲ. ಉಳಿದಿರುವುದು ಸೆನ್ಸಾರ್ ಅಧಿಕಾರಿ ಇಂಗ್ಲಿಷಿಗೆ ಮಾಡಿಸಿಕೊಂಡ ತುಣುಕುಗಳು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಸಿಪಾಯಿಯ ಮಾತು ನಮಗೆ ಸಿಕ್ಕಿರುವುದು ಅವನ ಮೇಲೆ ಕಣ್ಣಿಟ್ಟವನ ದಯದಿಂದ, ಅವನ ಭಾಷೆಯಲ್ಲೂ ಅಲ್ಲ. ಸೋಮವಾರಪೇಟೆಯ ಟ್ರಂಕಿನಲ್ಲಿ ಮೆಣಸು ನೋಡಿದಾಗ ನನಗೆ ಇದೇ ನೆನಪಾಗಿ ಒಂಥರಾ ಆಯಿತು.

ಮೈಸೂರು ಲ್ಯಾನ್ಸರ್ಸ್ ವಿಷಯವೂ ಹೀಗೇ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಹಿಡಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ತೋಪುಗಳ ಬಾಯಿ ಮುಚ್ಚಿಸಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮವನು. ಆ ದಂಡಿನ ದಿನಚರಿ, ಅಂದರೆ ವಾರ್ ಡೈರಿ, ಓದಬೇಕಾದರೆ ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ಪತ್ರಾಗಾರದ ಕಡೆ ನೋಡಬೇಕು. ಹುಣಸೂರಿನಿಂದಲೋ ಮಳವಳ್ಳಿಯಿಂದಲೋ ಹೋದ ಒಬ್ಬ ಸವಾರ ಮನೆಗೆ ಬರೆಸಿದ ಒಂದು ಕನ್ನಡ ಕಾಗದ ಸಿಕ್ಕರೆ, ನಾನು ನನ್ನ ಪ್ರೆಸ್ಸು ಮಾರಿ ಬೇಕಾದರೂ ಪುಸ್ತಕ ಮಾಡುತ್ತೇನೆ. ಹುಡುಕುತ್ತಿದ್ದೇನೆ.

ಪಂಜಾಬಿನವರು ಅದೃಷ್ಟವಂತರು. ಆ ಯುದ್ಧಕ್ಕೆ ಹೋದ ಅಲ್ಲಿನ ಸುಮಾರು 3,20,000 ಸೈನಿಕರ ಊರುವಾರು ಪಟ್ಟಿ ಲಾಹೋರಿನ ಮ್ಯೂಸಿಯಂನಲ್ಲಿ ಹಾಗೇ ಬಿದ್ದಿತ್ತು. ಬ್ರಿಟನ್ನಿನಲ್ಲಿರುವ ಪಂಜಾಬಿಗಳು ಮತ್ತು ಗ್ರೀನಿಚ್ ವಿಶ್ವವಿದ್ಯಾಲಯದವರು ಸೇರಿ ಅದನ್ನು ಡಿಜಿಟಲ್ ಮಾಡಿ 2021ರಿಂದ ಹೊರಗಿಡುತ್ತಾ ಬಂದರು. ಈಗ ಬರ್ಮಿಂಗ್‌ಹ್ಯಾಂನಲ್ಲಿ ಕೂತ ಮೊಮ್ಮಗಳು ತನ್ನ ಊರಿನ ಹೆಸರು ಹೊಡೆದು ಮುತ್ತಾತನನ್ನು ಹುಡುಕುತ್ತಾಳೆ. ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಎಷ್ಟೊಂದು ಕನ್ನಡ ಕೂಟಗಳಿವೆ, ಕೊಡವ ಕೂಟಗಳಿವೆ. ರಾಜ್ಯೋತ್ಸವಕ್ಕೆ ಹೋಳಿಗೆ ಮಾಡುವವರು ಇಂಥದ್ದೊಂದು ಕೆಲಸವನ್ನೂ ಮಾಡಬಹುದು. ನಾನು ಇಬ್ಬರು ಮೂವರಿಗೆ ಬರೆದಿದ್ದೇನೆ. ಹೋಳಿಗೆಯ ಫೋಟೋ ಕಳಿಸಿದ್ದಾರೆ.

ಈಗಿನ ಸೈನಿಕರ ಕತೆ ಇನ್ನೂ ಕಷ್ಟ. ಕಾಗದ ಯಾರೂ ಬರೆಯುವುದಿಲ್ಲ. ವಾಟ್ಸಾಪ್ ವಿಡಿಯೊ ಕಾಲ್. ಹೆಂಡತಿ ಮಕ್ಕಳ ಮುಖ ದಿನಾ ಕಾಣುತ್ತದೆ, ಬಹಳ ಒಳ್ಳೆಯದು, ಯಾರು ಬೇಡ ಅಂದರು. ಆದರೆ ಮಾತು ಗಾಳಿಗೆ ಹೋಯಿತು. ಫೋನ್ ಬದಲಾಯಿಸಿದರೆ ಚಾಟೂ ಹೋಯಿತು. 1971ರ ಸಿಪಾಯಿಯ ಮನಸ್ಸಿನಲ್ಲಿ ಏನಿತ್ತು ಅಂತ ಗುಜರಿಯವನು ಬರುವವರೆಗಾದರೂ ಒಂದು ಟ್ರಂಕಿನಲ್ಲಿತ್ತು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಜನ ಸತ್ತರು. ಆ ರಾತ್ರಿ ಅಲ್ಲಿದ್ದು ಬದುಕಿದವರು ಐವತ್ತು ವರ್ಷದ ಮೇಲೆ ತಮ್ಮ ಮೊಮ್ಮಕ್ಕಳಿಗೆ ಏನು ತೋರಿಸುತ್ತಾರೆ? ಮೇಲಿನಿಂದ ಉಪಗ್ರಹ ತೆಗೆದ ಚಿತ್ರ ಇದೆ. ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ಸಿಗುತ್ತದೆ, ಗುಡಾರ ಎಣಿಸಬಹುದು, ರಸ್ತೆ ಎಣಿಸಬಹುದು. ಅನ್ನ ಬೆಂದಿತ್ತಾ ಇಲ್ಲವಾ ಅಂತ ಉಪಗ್ರಹಕ್ಕೆ ಕಾಣುವುದಿಲ್ಲ.

ಇನ್ನು ಸುಳ್ಳಿನ ವಿಷಯ. 2025ರ ಮೇ ತಿಂಗಳು ನೆನಪಿದೆಯಲ್ಲ, ಆಪರೇಷನ್ ಸಿಂಧೂರದ ಆ ನಾಲ್ಕು ದಿನ. ನನ್ನ ಫೋನಿಗೆ ಬಂದ ವಿಡಿಯೊಗಳಲ್ಲಿ ಎಷ್ಟೋ ಬೇರೆ ದೇಶದವು, ಹಳೆಯವು, ಕೆಲವಂತೂ ಕಂಪ್ಯೂಟರ್ ಆಟದ ತುಣುಕುಗಳು. ನಮ್ಮ ಅಳಿಯನೇ ಒಂದು ಕಳಿಸಿದ್ದ, "ಮಾವ ಇದು ನೋಡಿ" ಅಂತ. ಆಟದ ಸ್ಕೋರು ತೋರಿಸುವ ಮೂಲೆಯನ್ನು ಕತ್ತರಿಸಿದ್ದರು ಅಷ್ಟೇ. ನಾಳೆ ಇದನ್ನು ಬರೆಯುವವನ ಗತಿ ನೋಡಿ. ನಮ್ಮ ಕಾಲದವರಿಗೆ ದಾಖಲೆ ಸಿಗದ ಕಷ್ಟ. ಅವನಿಗೆ ದಾಖಲೆ ಬೆಟ್ಟದಷ್ಟು, ಯಾವುದು ನಿಜ ಅಂತ ಗೊತ್ತಾಗದ ಕಷ್ಟ. ಅದಕ್ಕೆ ನಾನು ಹುಡುಗರಿಗೆ ಹೇಳುವುದು, ಏನು ಉಳಿಸಿದರೂ ಜೊತೆಗೆ ಯಾರು, ಎಲ್ಲಿ, ಯಾವಾಗ, ಯಾರ ಕೈಯಿಂದ ನಿಮಗೆ ಬಂತು ಅಂತ ಒಂದು ಸಾಲು ಬರೆದಿಡಿ. ಆ ಒಂದು ಸಾಲು ಇಲ್ಲದ ಫೋಟೋ ನನ್ನ ಹತ್ತಿರ ಎರಡು ಡಬ್ಬ ಇದೆ. ಯಾವುದನ್ನೂ ಅಚ್ಚು ಹಾಕಲು ಆಗಿಲ್ಲ.

ಎಐ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಾನು ವಿರೋಧಿ ಅಲ್ಲ, ಬಳಸುತ್ತೇನೆ. ಒಬ್ಬ ಸುಬೇದಾರರ ಆರು ಗಂಟೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಕ್ಷರ ಮಾಡುವ ಸಾಫ್ಟ್‌ವೇರಿಗೆ ಕೊಟ್ಟೆ. ಅವರ ಕನ್ನಡದಲ್ಲಿ ಅರ್ಧ ಹಿಂದಿ, ಅದರೊಳಗೆ ಪಲ್ಟನ್ನಿನ ಇಂಗ್ಲಿಷು. "ಪಲ್ಟನ್" ಅಂದಲ್ಲೆಲ್ಲ "ಬಟನ್" ಅಂತ ಬಂತು. "ಬಟನ್ ಮುಂದೆ ಹೋಯಿತು, ಬಟನ್‌ಗೆ ಬಹಳ ನಷ್ಟ ಆಯಿತು." ನಗುತ್ತಾ ತಿದ್ದಿದೆ. ಆದರೂ ಎರಡು ತಿಂಗಳ ಕೆಲಸ ಎರಡು ವಾರಕ್ಕೆ ಮುಗಿಯಿತು, ಸುಳ್ಳು ಯಾಕೆ ಹೇಳಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದು ಕಣ್ಣಿಗೆ ಕಾಣದ ಅಕ್ಷರ ಸ್ಕ್ಯಾನಿನಲ್ಲಿ ಎದ್ದು ಬರುತ್ತದೆ. ರಸ್ತೆ ಅಗಲ ಮಾಡುವಾಗ ಕಲ್ಲು ಹೋದರೂ ಅಕ್ಷರ ಉಳಿಯುತ್ತದೆ. ಇದೆಲ್ಲ ಬೇಕು. ಯಂತ್ರ ಬೇಡವಾಗುವುದು ಎಲ್ಲಿ ಅಂದರೆ, ಇತ್ತೀಚೆಗೆ ಬಂದ ಒಂದು ಹಸ್ತಪ್ರತಿಯಲ್ಲಿ ಸಾಯುವ ಸಿಪಾಯಿ ಮುಕ್ಕಾಲು ಪುಟ ಭಾಷಣ ಮಾಡುತ್ತಾನೆ. ಇದನ್ನು ಕೇಳಿಸಿಕೊಂಡವರು ಯಾರು ಅಂದರೆ ಲೇಖಕರು, "ಅದು ಎಐ ಸ್ವಲ್ಪ ಚೆಂದ ಮಾಡಿದೆ" ಅಂದರು. ಮತ್ತೆ ಅದೇ ಮೇಲಿನ ಅಂಕಣ! ವಾಪಸ್ ಕಳಿಸಿದೆ.

ಧ್ವನಿ ಅಂದಾಗ ಒಂದು ಮಾತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಾಗಿದ್ದ ನಮ್ಮ ಸಿಪಾಯಿಗಳ ದನಿಯನ್ನು ಅಲ್ಲಿನ ಭಾಷಾ ಪಂಡಿತರು ತಟ್ಟೆಗಳ ಮೇಲೆ ಮುದ್ರಿಸಿಕೊಂಡಿದ್ದರು. ಬರ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಈಗಲೂ ಇವೆ. ಮಲ್ ಸಿಂಗ್ ಅನ್ನುವವನು 1916ರಲ್ಲಿ ಆಡಿದ್ದು, ಊರಿನಲ್ಲಿ ಬೆಣ್ಣೆ ತಿನ್ನುತ್ತಿದ್ದೆ, ವಾಪಸ್ ಹೋಗಬೇಕು ಅಂತ. ನೂರು ವರ್ಷ ಆದ ಮೇಲೂ ಅವನ ಗಂಟಲು ಕೇಳುತ್ತದೆ. ನಿಮ್ಮೆಲ್ಲರ ಜೇಬಿನಲ್ಲಿ ಅದಕ್ಕಿಂತ ನೂರು ಪಾಲು ಒಳ್ಳೆಯ ಯಂತ್ರ ಇದೆ.

ಪ್ರಕಟಣೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ಅಷ್ಟೇನೂ ಚೆಂದದ ಕತೆ ಅಲ್ಲ. ಮಿಲಿಟರಿ ಇತಿಹಾಸ ಅಂದರೆ ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ, ನಿವೃತ್ತ ಜನರಲ್ ಒಬ್ಬರ ಮುನ್ನುಡಿ, ಬಣ್ಣದ ನಕ್ಷೆ. ಕನ್ನಡದಲ್ಲಿ ನಾವು ಹಾಕುವುದು 500 ಪ್ರತಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದರೆ ಹಾಕಿದ ದುಡ್ಡು ಬರುತ್ತದೆ, ಇಲ್ಲದಿದ್ದರೆ ಮಂಚದ ಕೆಳಗೆ. ನಾನು ಕಂಡುಕೊಂಡಿದ್ದು, ಇಂಥ ಪುಸ್ತಕ ಅಂಗಡಿಯಲ್ಲಿ ಮಾರಾಟ ಆಗುವುದಿಲ್ಲ. ಊರಿನಲ್ಲಿ ಆಗುತ್ತದೆ. ಅರಕಲಗೂಡಿನ ಹವಾಲ್ದಾರರ ಪುಸ್ತಕ ಅರಕಲಗೂಡಿನಲ್ಲಿ 200 ಪ್ರತಿ ಹೋಯಿತು, ಬೆಂಗಳೂರಿನಲ್ಲಿ ಹನ್ನೊಂದು. ಈಗ ಬೇಕಾದಷ್ಟೇ ಪ್ರತಿ ಮುದ್ರಿಸುವ ಯಂತ್ರ ಬಂದಿರುವುದರಿಂದ ಮೊದಲು 100 ಹಾಕಿ, ಓದಿದವರು "ಇಲ್ಲಿ ತಪ್ಪಿದೆ, ಆ ದಿನ ನಾನೂ ಇದ್ದೆ" ಅಂತ ಫೋನ್ ಮಾಡಿದ್ದನ್ನು ಸೇರಿಸಿ, ಮುಂದಿನ 100 ತಿದ್ದಿ ಹಾಕುತ್ತೇವೆ. ಒಂದು ಪುಸ್ತಕ ನಾಲ್ಕನೇ ಸಲ ತಿದ್ದುಪಡಿಯಾಗಿದೆ. ಅದರ ಲೇಖಕರಿಗೂ ಅವರ ಕಂಪನಿಯಲ್ಲೇ ಇದ್ದ ಇನ್ನೊಬ್ಬರಿಗೂ ಒಂದು ಸೇತುವೆಯ ವಿಷಯದಲ್ಲಿ ಜಗಳ, ಯಾರು ಮೊದಲು ದಾಟಿದ್ದು ಅಂತ. ಇಬ್ಬರ ಮಾತನ್ನೂ ಎದುರುಬದುರು ಪುಟದಲ್ಲಿ ಹಾಕಿದ್ದೇನೆ. ಇಬ್ಬರೂ ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ.

ಹೆಂಗಸರ ಮಾತು ಈ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ, ಅದೊಂದು ಹೇಳಬೇಕು. ತಂತಿ ಬಂದ ದಿನ ಬಾಗಿಲಲ್ಲಿ ನಿಂತವರು ಯಾರು? ಎರಡು ವರ್ಷ ಗದ್ದೆ ನೋಡಿದವರು ಯಾರು? ಈಗ ನಾನು ಯಜಮಾನರ ಹತ್ತಿರ ಒಂದು ದಿನ ಕೂತರೆ, ಅವರಿಲ್ಲದ ಹೊತ್ತಿನಲ್ಲಿ ಅಜ್ಜಿಯ ಹತ್ತಿರ ಒಂದು ದಿನ ಕೂರುತ್ತೇನೆ. ಅಜ್ಜಿಯರಿಗೆ ತಾರೀಕು ನೆನಪಿರುವುದಿಲ್ಲ, ಆದರೆ "ಎರಡನೇ ಮಗು ಹೊಟ್ಟೆಯಲ್ಲಿತ್ತು, ಭತ್ತ ಕೊಯ್ಯುವ ಹೊತ್ತು" ಅಂತಾರೆ. ಲೆಕ್ಕ ಹಾಕಿದರೆ ಡಿಸೆಂಬರ್ ಸರಿಯಾಗಿ ಬರುತ್ತದೆ. ಯಜಮಾನರು ನವೆಂಬರ್ ಅಂದಿರುತ್ತಾರೆ.

ಇನ್ನೂ ಹೇಳುವುದಿತ್ತು, ಜನರಲ್ ತಿಮ್ಮಯ್ಯನವರ ಬಗ್ಗೆ, ಸೈಪ್ರಸ್ಸಿನವರು ಅವರ ನೆನಪಿಗೆ ತಂದ ಅಂಚೆಚೀಟಿಯ ಬಗ್ಗೆ, ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನ ಬಾವಿಯಲ್ಲಿ 2018ರಲ್ಲಿ ಸಿಕ್ಕ ಟಿಪ್ಪು ಕಾಲದ ಸಾವಿರಕ್ಕೂ ಜಾಸ್ತಿ ರಾಕೆಟ್‌ಗಳ ಬಗ್ಗೆ. ಆದರೆ ಮೂರನೇ ಸಾಲಿನಲ್ಲಿ ಕೂತಿರುವ ಯಜಮಾನರು ಆಗಿನಿಂದ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡಿದ್ದಾರೆ. ಶುರುವಾಗುವ ಮುಂಚೆ ನನಗೆ ತೋರಿಸಿದರು. ಅವರ ಅಣ್ಣನ ಇನ್‌ಲ್ಯಾಂಡ್ ಲೆಟರುಗಳು, 1965ರವು. ಬಾಗಿಲ ಹತ್ತಿರದ ಮೇಜಿನ ಮೇಲೆ ಸ್ಕ್ಯಾನರ್ ಇಟ್ಟಿದ್ದೇನೆ, ಅದಕ್ಕೆ ಕರೆಂಟ್ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಅದನ್ನು ಮುಗಿಸುತ್ತೇನೆ. ಈ ಸಲ ನಾಲ್ಕು ತಿಂಗಳು ಕಾಯುವುದಿಲ್ಲ. ನಿಮ್ಮ ಪ್ರಶ್ನೆಗಳನ್ನು ಅಲ್ಲೇ ಬಂದು ಕೇಳಿ.